ವಿಲಾಸಪುರದ ಕೆರೆ, ಔರಾದಿನ ಹೊಲ

ಬೀದರ್ ಸೀಮೆಯಲ್ಲಿ ಹುಟ್ಟಿದವರು ಕಾಡುಪ್ರಾಣಿ ನೋಡಲು ಕಾಡಿಗೆ ಹೋದವರಲ್ಲ. ನಮ್ಮಲ್ಲಿ ಹೇಳಿಕೊಳ್ಳುವಂಥ ದಟ್ಟ ಅಡವಿ ಇಲ್ಲ. ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದಲ್ಲಿ ಹರಡಿದ ಕೆಂಪು ಜಂಬಿಟ್ಟಿಗೆ ಕಲ್ಲಿನ ಬಯಲು. ಅದರ ಅಂಚಿನಿಂದ ಇಳಿದರೆ ಮಾಂಜ್ರಾ, ಕಾರಂಜಾ ನದಿಗಳ ಬದಿಯ ಕರಿ ಎರೆ. ನಡುವೆ ಬೋಳುಗುಡ್ಡ, ಹುಲ್ಲು, ಊರ ದನ ಮೇಯುವ ಗಾಯರಾಣ. ಇಷ್ಟರಲ್ಲೇ ಕೃಷ್ಣಮೃಗ ಬದುಕಿಕೊಂಡಿದೆ. ಔರಾದ್ ತಾಲ್ಲೂಕಿನ ನಮ್ಮೂರಲ್ಲಿ ಅದಕ್ಕೆ ಹರಣ ಅನ್ನುತ್ತಾರೆ. ಸಾಲಿಗೆ ಹೋಗುವ ದಾರಿಯಲ್ಲಿ, ಬೀದರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ, ಕಡಲೆ ಹೊಲದ ಬದುವಿನಾಚೆ ಹರಣಗಳ ಹಿಂಡು ಕಾಣುತ್ತಲೇ ಇರುತ್ತಿತ್ತು. ಬಸ್ಸಿನಲ್ಲಿದ್ದವರು ಮಾತು ನಿಲ್ಲಿಸಿ ಅವನ್ನು ನೋಡಿದ್ದು ನನಗೆ ನೆನಪಿಲ್ಲ.

ಹೊಟ್ಟೆಪಾಡಿಗೆ ಬೆಂಗಳೂರು ಸೇರಿ ವರ್ಷಗಳು ಉರುಳಿದ ಮೇಲೆ, ಅದೇ ಹರಣ ನೋಡಲೆಂದು ರೆಸಾರ್ಟಿನಲ್ಲಿ ಉಳಿದ ಒಂದು ಚಳಿಗಾಲದ ನೆನಪು ಇದು. ಮಗಳ ಗೆಳತಿಯೊಬ್ಬಳು ಮನೆಯವರ ಜೊತೆ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಿಬಂದಿದ್ದಳು. ತೆರೆದ ಜೀಪು, ಕಣ್ಣು ಹಾಯುವಷ್ಟು ದೂರ ಹುಲ್ಲು, ಹುಲ್ಲಿನ ತುಂಬ ಮೇಯುವ ಪ್ರಾಣಿಗಳು, ಸಂಜೆ ಲಾಡ್ಜಿನ ಅಂಗಳದಲ್ಲಿ ಬೆಂಕಿ. ಫೋಟೊ ನೋಡಿದ ಮಗಳಿಗೂ ಆಸೆ ಹುಟ್ಟಿತು. ಆ ಒಣಹುಲ್ಲಿನ ಬಣ್ಣ ಮಾತ್ರ ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಬಣ್ಣ. ಎಳ್ಳಮಾವಾಸ್ಯೆಗೆ ಊರಿಗೆ ಹೋಗುವುದಿತ್ತು. ಕೊಂಚ ಮೊದಲೇ ಹೊರಟು ವಿಲಾಸಪುರದಲ್ಲಿ ಉಳಿದು ಹೋಗೋಣ ಅಂದೆ. ಫೋನಿನಲ್ಲಿ ಸುದ್ದಿ ತಿಳಿದ ಅಪ್ಪ ಆಶ್ಚರ್ಯಪಟ್ಟರು: "ಹರಣ ನೋಡ್ಲಾಕ ರೊಕ್ಕ ಕೊಟ್ಟು ಹೋಗ್ತೀರೇನಪಾ?"

ವಿಲಾಸಪುರ ಬೀದರ್ ನಗರಕ್ಕೆ ಹತ್ತಿರದ ಊರು. ಅಲ್ಲಿನ ಕೆರೆಯ ಪಕ್ಕ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಈ ಸಂಸ್ಥೆ ಹುಟ್ಟಿದ್ದು 1980ರಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾವ್ ನೇಪಾಳದ ಟೈಗರ್ ಟಾಪ್ಸ್ ಲಾಡ್ಜನ್ನು ಕಂಡು ಮೆಚ್ಚಿ, ಅಂಥದ್ದೇ ಕರ್ನಾಟಕದಲ್ಲೂ ಆಗಲೆಂದು ಆ ಲಾಡ್ಜಿನವರನ್ನೇ ಜೊತೆಗೆ ಸೇರಿಸಿಕೊಂಡರು. ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿದ್ದ ಕಾರಾಪುರದಲ್ಲಿ ಕಬಿನಿ ರಿವರ್ ಲಾಡ್ಜ್ ತಲೆಯೆತ್ತಿತು. ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕೆ ಹಿರಿಯರಾಗಿ ನಿಂತರು. ಬೇಟೆಗಾರರು ಇಳಿದುಕೊಳ್ಳುತ್ತಿದ್ದ ಮನೆಯಲ್ಲಿ ಪ್ರಾಣಿಯನ್ನು ಕಣ್ಣಿನಿಂದ ಮಾತ್ರ ನೋಡಿ ಹೋಗುವವರು ಇಳಿದುಕೊಂಡಿದ್ದು ದೊಡ್ಡ ಬದಲಾವಣೆ. ಸಂಸ್ಥೆ ನೆಲೆಯೂರಿದ ಕಬಿನಿ, ದಾಂಡೇಲಿ, ಬಿಳಿಗಿರಿರಂಗನ ಬೆಟ್ಟ ಎಲ್ಲವೂ ಮರದ ಕಾಡು. ಮರವಿಲ್ಲದ ಬೀದರಿನ ಬಯಲಿಗೂ ಒಂದು ರೆಸಾರ್ಟ್ ಕೊಟ್ಟಿದ್ದನ್ನು ನಾನು ಆ ಸಂಸ್ಥೆಯ ದಿಟ್ಟ ನಿರ್ಧಾರವೆಂದೇ ಭಾವಿಸುತ್ತೇನೆ. ಹುಲಿ ಇಲ್ಲದ, ಆನೆ ಇಲ್ಲದ ನೆಲದಲ್ಲೂ ನೋಡಬೇಕಾದದ್ದು ಇದೆ ಎಂದು ಹೇಳಿದ ಹಾಗಾಯಿತು.

ನಾವು ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಕೆರೆಯ ನೀರಂಚಿನಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕು ಅದ್ದಿ ನಿಧಾನಕ್ಕೆ ನಡೆಯುತ್ತಿದ್ದವು. ಟಿಟ್ಟಿಭಗಳ ಗಲಾಟೆ ನಿಂತಿರಲಿಲ್ಲ. ಚಹಾ ಕೊಟ್ಟ ಹುಡುಗ ಹತ್ತಿರದ ಹಳ್ಳಿಯವನು. "ರಾತ್ರಿ ಥಂಡಿ ಭಾಳ ಇರ್ತದ್ರಿ, ಇನ್ನೊಂದು ರಜಾಯಿ ಕೊಡ್ತೀನಿ," ಅಂದ. ರಾಜ್ಯದಲ್ಲಿ ಅತಿ ಕಡಿಮೆ ಉಷ್ಣಾಂಶ ದಾಖಲಾಗುವ ಊರುಗಳಲ್ಲಿ ಬೀದರ್ ಒಂದು. ಬೆಂಗಳೂರಿನ ಚಳಿಯೇ ಚಳಿ ಅಂದುಕೊಂಡಿದ್ದ ಮಗಳಿಗೆ ಅದು ಆ ರಾತ್ರಿ ಗೊತ್ತಾಯಿತು. ಊಟಕ್ಕೆ ಕಟಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ಊಟದ ನಂತರ ಅಂಗಳದಲ್ಲಿ ಕೂತಾಗ ಕೆರೆಯ ಆಚೆ ದಂಡೆಯಿಂದ ನರಿಯ ಕೂಗು ಕೇಳಿತು. ಮಗಳು ನನ್ನ ಕೈ ಹಿಡಿದುಕೊಂಡು ಕೇಳಿದಳು. ನನ್ನ ಬಾಲ್ಯದಲ್ಲಿ ದಿನಾ ಕೇಳುತ್ತಿದ್ದ ಕೂಗು ಅವಳಿಗೆ ಹೊಸದಾಗಿತ್ತು. ಊರಿನಿಂದ ನಾನು ಅವಳನ್ನು ಎಷ್ಟು ದೂರ ಬೆಳೆಸಿದ್ದೇನೆಂದು ಆಗ ಅರಿವಾಯಿತು.

ಬೆಳಿಗ್ಗೆ ಇನ್ನೂ ಮಬ್ಬಿರುವಾಗಲೇ ಜೀಪು ಹೊನ್ನಿಕೇರಿಯ ಮೀಸಲು ಅರಣ್ಯದ ಕಡೆ ಹೊರಟಿತು. ಕಾಗದದಲ್ಲಿ ಅದು ಅರಣ್ಯ. ಕಣ್ಣಿಗೆ ಕಾಣುವುದು ಕುರುಚಲು, ನೆಟ್ಟ ಮರಗಳ ಸಾಲು, ನಡುವೆ ತೆರಪಿನಲ್ಲಿ ಹುಲ್ಲು. ನಮ್ಮ ಜೊತೆಯಿದ್ದ ನ್ಯಾಚುರಲಿಸ್ಟ್ ಹುಡುಗ ಜೀಪು ನಿಲ್ಲಿಸಿ, ಮೊದಲು ತೋರಿಸಿದ್ದು ಪ್ರಾಣಿಯನ್ನಲ್ಲ, ನೆಲದ ಮೇಲಿನ ಹಿಕ್ಕೆಯ ರಾಶಿಯನ್ನು. ಪ್ರಾಯದ ಗಂಡು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ತನ್ನ ಗಡಿ ಗುರುತಿಸುತ್ತದೆ. ಆ ಗಡಿಯೊಳಗೆ ಇನ್ನೊಂದು ಗಂಡು ಕಾಲಿಟ್ಟರೆ ಕಾಳಗ. ಅಷ್ಟು ಹೇಳಿ ಕೈ ಎತ್ತಿದ. ಹುಲ್ಲಿನ ತೆರಪಿನ ನಡುವೆ ಕರಿಯ ಗಂಡೊಂದು ತಲೆಯೆತ್ತಿ, ಕೊಂಬನ್ನು ಬೆನ್ನಿನ ಮೇಲೆ ಒರಗಿಸಿ ನಿಂತಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿ ಬಳೆ, ಮೂರು ನಾಲ್ಕು ಸುತ್ತು ತಿರುಚಿದ ಕೊಂಬು. ಹೆಣ್ಣುಗಳು ಕಂದುಬಣ್ಣದವು, ಕೊಂಬಿಲ್ಲದವು, ದೂರದಲ್ಲಿ ಮೇಯುತ್ತಿದ್ದವು. ಗಂಡು ಹುಟ್ಟುವಾಗ ಕಪ್ಪಲ್ಲ. ವಯಸ್ಸಾದಂತೆ ಕಪ್ಪು ಏರುತ್ತದೆ. ಹುಟ್ಟಿದ ಊರಿನಲ್ಲೇ ದಿನಾ ಕಂಡ ಪ್ರಾಣಿಯ ಬಗ್ಗೆ ಇದನ್ನೆಲ್ಲ ನನಗೆ ಹೇಳಿಕೊಟ್ಟವನು ನನ್ನ ಅರ್ಧ ವಯಸ್ಸಿನ ಆ ಹುಡುಗ.

ಅವನು ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿಯಿತು. ಹರಣ ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ದೂರದ ಶತ್ರುವನ್ನು ಕಣ್ಣಿನಿಂದ ಕಂಡು, ಓಡಿ ಬಚಾವಾಗುವುದು ಅದರ ವಿದ್ಯೆ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮರಿ ಹಾಕಿದ ತಾಯಿ ಅದನ್ನು ಎತ್ತರದ ಹುಲ್ಲಿನಲ್ಲಿ ಅಡಗಿಸಿ ತಾನು ದೂರ ಮೇಯುತ್ತದೆ. ಹುಲ್ಲಿದ್ದರೆ ಮರಿ ಉಳಿಯುತ್ತದೆ. ಇಲ್ಲದಿದ್ದರೆ ಊರ ನಾಯಿಗಳ ಪಾಲು. ಮರ ದಟ್ಟವಾದರೆ ದೂರ ಕಾಣದು, ಓಡಲು ಬಯಲು ಸಿಗದು. ಅಲ್ಲಿ ಅದು ನಿಲ್ಲುವುದಿಲ್ಲ.

"ಯಾರಿಗೆ ಹೆದರಿ ಅಷ್ಟು ಜೋರಾಗಿ ಓಡುತ್ತೆ?" ಎಂದು ಮಗಳು ಕೇಳಿದಳು. ಆ ಪ್ರಶ್ನೆ ನಮ್ಮನ್ನು ನೇರ ಆಫ್ರಿಕಾಕ್ಕೆ ಒಯ್ದಿತು. ಈ ಓಟ ಕಲಿಸಿದ್ದು ಚೀತಾ. ಭಾರತದ ಬಯಲುಗಳಲ್ಲಿ ಚೀತಾ ಬೇಟೆಯಾಡುತ್ತಿದ್ದ ಮುಖ್ಯ ಪ್ರಾಣಿ ಕೃಷ್ಣಮೃಗವೇ. ಮೊಗಲ್ ದೊರೆಗಳು ಚೀತಾಗಳನ್ನು ಪಳಗಿಸಿ ಇದರ ಮೇಲೆ ಬಿಡುತ್ತಿದ್ದರು. ಇಲ್ಲಿನ ಚೀತಾ ಅಪರೂಪವಾದಾಗ ಕೊಲ್ಹಾಪುರದಂಥ ಸಂಸ್ಥಾನಗಳು ಬೇಟೆಗಾಗಿ ಆಫ್ರಿಕಾದಿಂದ ತರಿಸಿಕೊಂಡವು. 1952ರಲ್ಲಿ ಸರ್ಕಾರ ಭಾರತದಲ್ಲಿ ಚೀತಾ ಅಳಿಯಿತೆಂದು ಘೋಷಿಸಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದವು. ಅಟ್ಟುವವನು ಹೋಗಿ ಮುಕ್ಕಾಲು ಶತಮಾನವಾದರೂ ನಮ್ಮ ಹರಣ ಓಟ ಮರೆತಿಲ್ಲ.

ಆಫ್ರಿಕಾದ ನಂಟು ಬೀದರಿಗೂ ಹೊಸದಲ್ಲ. ಮರುದಿನ ಮಗಳನ್ನು ಕೋಟೆಗೆ, 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾಕ್ಕೆ ಕರೆದೊಯ್ದಂತೆ ಊರ ಪೂರ್ವಕ್ಕಿರುವ ಹಬ್ಸಿಕೋಟ್ ದಿಬ್ಬಕ್ಕೂ ಕರೆದೊಯ್ದೆ. ಸುಲ್ತಾನರ ಸೇವೆಗೆ ಬಂದು ಸರದಾರರಾಗಿ ಬೆಳೆದ ಅಬಿಸೀನಿಯಾದ ಜನರ ಗೋರಿಗಳು ಅಲ್ಲಿವೆ. 1657ರಲ್ಲಿ ಔರಂಗಜೇಬನ ಸೇನೆ ಮುತ್ತಿದಾಗ ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಈ ಕೋಟೆ ಕಾದ ಸಿದ್ದಿ ಮರ್ಜಾನ್ ಅದೇ ಮೂಲದವನು. ಮದ್ದಿನ ಸ್ಫೋಟದಲ್ಲಿ ಗಾಯಗೊಂಡು ಪ್ರಾಣ ಬಿಟ್ಟ. ದಿಬ್ಬದ ಮೇಲೆ ನಿಂತರೆ ಕೆಳಗೆ ಬಯಲು ಹರಡಿಕೊಂಡಿರುತ್ತದೆ. ಆ ಸರದಾರರೂ ಇಲ್ಲಿಂದ ಹರಣಗಳ ಹಿಂಡನ್ನು ನೋಡಿರಬೇಕು ಅನಿಸಿತು.

ಇನ್ನೂ ಹಿಂದಕ್ಕೆ ಹೋದರೆ ಹರಣಕ್ಕೂ ಈ ನೆಲಕ್ಕೂ ಇರುವ ಸಂಬಂಧ ಇನ್ನೂ ಗಾಢವಾಗುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಧರ್ಮಾಚರಣೆಗೆ ತಕ್ಕ ನಾಡು ಯಾವುದೆಂದು ಆರಂಭದಲ್ಲೇ ಹೇಳುವಾಗ, ಕೃಷ್ಣಮೃಗ ಓಡಾಡುವ ನಾಡನ್ನು ತೋರಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ಟೀಕೆ ಬರೆದು ಭಾರತದ ಬಹುಭಾಗಕ್ಕೆ ಆಸ್ತಿ ಹಂಚಿಕೆಯ ಕಾನೂನು ಕೊಟ್ಟವನು ವಿಜ್ಞಾನೇಶ್ವರ. ಅವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಆ ದೊರೆಯ ರಾಜಧಾನಿ ಕಲ್ಯಾಣ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಯಾವ ಪ್ರಾಣಿ ಇದ್ದರೆ ನಾಡು ಧರ್ಮದ ನಾಡೆಂದು ಗ್ರಂಥ ಹೇಳಿತೋ ಆ ಪ್ರಾಣಿ ಕಲ್ಯಾಣದ ಸುತ್ತಲ ಹೊಲಗಳಲ್ಲಿ ಇಂದಿಗೂ ಮೇಯುತ್ತಿದೆ. ಇಂಥ ಭಾಗ್ಯ ಎಷ್ಟು ಊರುಗಳಿಗಿದೆ?

ವಿಲಾಸಪುರದಿಂದ ನಾವು ಭಾಲ್ಕಿಗೆ ಹೋದೆವು. ಅದು ನನ್ನ ಹೆಂಡತಿಯ ತವರು. ಅವಳ ಅಣ್ಣನ ಹೊಲ ಕಾರಂಜಾ ಹಿನ್ನೀರಿಗೆ ಹತ್ತಿರ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಕಾರಂಜಾ ನದಿಗೆ ಕಟ್ಟಿದ ಅಣೆಕಟ್ಟು ಈ ಭಾಗಕ್ಕೆ ನೀರು ಕೊಟ್ಟಿತು. ನೀರಿನ ಬೆನ್ನಿಗೆ ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು. ಅದರಿಂದ ಮನೆಗಳು ಹಸನಾದವು, ಮಕ್ಕಳು ಓದಿದರು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆಳೆತ್ತರದ ಕಬ್ಬಿನೊಳಗೆ ಹರಣ ಬದುಕಲಾರದು. ಅಲ್ಲಿ ಅಡಗುವುದು ಕಾಡುಹಂದಿ. "ಮೊದಲ ಇಲ್ಲಿ ಜೋಳ, ಕುಸುಬಿ ಇತ್ತು ನೋಡ್ರಿ, ಅವಾಗ ಹರಣ ಬರ್ತಿದ್ವು. ಈಗ ಹಂದಿ ಕಾಟ," ಎಂದು ಭಾವ ಹೇಳಿದರು. ಕಬ್ಬು ಹಬ್ಬಿದಂತೆ ಹರಣಗಳು ಮಳೆ ನಂಬಿದ ಹೊಲಗಳ ಕಡೆ, ಕಲ್ಲು ನೆಲದ ಕಡೆ, ಬಡವನ ತುಂಡು ಜಮೀನಿನ ಕಡೆ ಸರಿದಿವೆ. ಔರಾದ್ ಅಂಥ ತಾಲ್ಲೂಕು.

ಎಳ್ಳಮಾವಾಸ್ಯೆಯ ದಿನ ಬೀದರ್ ಜಿಲ್ಲೆಯ ಊರುಗಳು ಖಾಲಿಯಾಗುತ್ತವೆ, ಜನರೆಲ್ಲ ಹೊಲದಲ್ಲಿರುತ್ತಾರೆ. ಜೋಳದ ಸೊಪ್ಪೆಯಿಂದ ಪುಟ್ಟ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಹಲವು ಕಾಯಿಪಲ್ಯ, ಕಾಳು ಹಾಕಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ. ಉಣ್ಣುವ ಮೊದಲು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಬೆಳೆ ಕೊಟ್ಟ ಭೂಮಿಗೂ ಅದರ ಮೇಲಿನ ಜೀವಗಳಿಗೂ ಮೊದಲ ತುತ್ತು. ಆ ದಿನ ದಾರಿಹೋಕರನ್ನು ಕೂಗಿ ಕರೆದು ಉಣ್ಣಿಸುವುದು ನಮ್ಮ ಕಡೆಯ ರೂಢಿ.

ನನ್ನ ಕಾಕಾನ ಹೊಲದಲ್ಲಿ ಪಂಕ್ತಿ ಹಾಕಿ ಕೂತಿದ್ದೆವು. ಕಡಲೆ ಹೂಬಿಟ್ಟು ನಿಂತಿತ್ತು. ಹೊಲದ ಸುತ್ತ ಹಳೆಯ ಸೀರೆಗಳ ಬೇಲಿ. ರಾತ್ರಿ ಕಾವಲಿಗೆ ಅಟ್ಟಣಿಗೆ, ಬಡಿಯಲು ಖಾಲಿ ಡಬ್ಬಿ. ಬದುವಿನಾಚೆಯ ಗಾಯರಾಣದಲ್ಲಿ ಹರಣಗಳ ಹಿಂಡು ನಮ್ಮ ಊಟ ಮುಗಿಯುವುದನ್ನೇ ಕಾಯುತ್ತಿತ್ತು. ವಿಲಾಸಪುರದಲ್ಲಿ ದುರ್ಬೀನಿನಲ್ಲಿ ಕಂಡದ್ದಕ್ಕಿಂತ ದೊಡ್ಡ ಹಿಂಡು. ಮಗಳು ಎದ್ದು ನಿಂತು ಕುಣಿದಳು.

ಕಾಕಾ ಅವಳ ಸಂತೋಷ ನೋಡಿ ನಕ್ಕರು. ನಂತರ ನನ್ನ ಕಡೆ ತಿರುಗಿ ಹೇಳಿದರು: "ನೋಡಪಾ ತಮ್ಮಾ, ಹೆಸರು ಎರಡು ಎಲಿ ಬಿಟ್ಟಾಗೇ ಬರ್ತಾವ. ಉದ್ದು, ಸೋಯಾ, ಕಡ್ಲಿ, ಏನೂ ಬಿಡಂಗಿಲ್ಲ. ಎರಡೆರಡು ಸಲ ಬಿತ್ತೀನಿ. ಹೊಡಿಲಾಕ ಮನಸ್ಸು ಬರಂಗಿಲ್ಲ. ದೇವರ ಪ್ರಾಣಿ ಅದ, ಕಾಯ್ದಾನೂ ಅದ. ಆದ್ರ ಅವು ತಿಂದು ಹೋದ ಮ್ಯಾಗ ನಾ ಏನ್ ತಿನ್ಲಿ?"

"ಪರಿಹಾರಕ್ಕ ಅರ್ಜಿ ಕೊಡ್ಬೇಕಿಲ್ರಿ ಕಾಕಾ?" ಅಂದೆ.

"ಅರ್ಜಿ, ಪಹಣಿ, ಫೋಟೊ, ಬ್ಯಾಂಕ್ ಪುಸ್ತಕ. ಒಂದು ಎಕರೆ ಹೆಸರು ಹೋದ್ರ ಓಡಾಡೋ ಖರ್ಚು ಬಂದ್ರ ಪುಣ್ಯ. ಬಿತ್ತೋ ದಿನ ಬಿಟ್ಟು ಕಚೇರಿಗಿ ಯಾರ್ ಹೋಗ್ಬೇಕು?"

ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಕಾಯ್ದೆ ಬೇಟೆ ನಿಲ್ಲಿಸುತ್ತದೆ, ಮೇವು ಕೊಡುವುದಿಲ್ಲ. ಮೇವು ಕೊಡುತ್ತಿರುವವರು ಔರಾದ್, ಭಾಲ್ಕಿ, ಬೀದರ್ ತಾಲ್ಲೂಕುಗಳ ಸಣ್ಣ ರೈತರು. ರೆಸಾರ್ಟಿನಲ್ಲಿ ನಾನು ಕೊಟ್ಟ ಹಣ ಕೋಣೆಗೆ, ಊಟಕ್ಕೆ, ಜೀಪಿಗೆ, ಹುಡುಗರ ಸಂಬಳಕ್ಕೆ ಹೋಯಿತು, ಅದು ನ್ಯಾಯವೇ. ಆದರೆ ನಾನು ನೋಡಲು ಹೋದ ಪ್ರಾಣಿಯನ್ನು ವರ್ಷವಿಡೀ ಸಾಕಿದ ನನ್ನ ಕಾಕಾನಿಗೆ ಅದರಿಂದ ಒಂದು ಪೈಸೆಯೂ ಮುಟ್ಟಲಿಲ್ಲ. ಹೊಲದಲ್ಲಿ ಕೂತು ಹೋಳಿಗೆ ತಿನ್ನುವಾಗ ಈ ಲೆಕ್ಕ ನನ್ನನ್ನು ಬಹಳ ಕಾಡಿತು.

ಬೆಂಗಳೂರಿಗೆ ಬಂದ ಮೇಲೆ ಆಫ್ರಿಕಾದವರು ಈ ಲೆಕ್ಕವನ್ನು ಹೇಗೆ ಹೊಂದಿಸಿದ್ದಾರೆಂದು ಓದಿದೆ. ಅಲ್ಲಿ ಎರಡು ದಾರಿಗಳಿವೆ. ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್‌ನಂಥ ಕಡೆ ದೊಡ್ಡ ಜಮೀನುದಾರರ ಖಾಸಗಿ ಕಾಡುಗಳಿವೆ. ಪಕ್ಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಜೊತೆಗಿದ್ದ ಬೇಲಿಯನ್ನು 1993ರಲ್ಲಿ ತೆಗೆದ ಮೇಲೆ ಪ್ರಾಣಿಗಳು ಎರಡೂ ಕಡೆ ಓಡಾಡುತ್ತವೆ. ಅಷ್ಟು ದೊಡ್ಡ ಜಮೀನುಗಳ ಆ ದಾರಿ ನಮ್ಮ ಎಕರೆ, ಗುಂಟೆ ಲೆಕ್ಕದ ರೈತರಿಗೆ ಒಗ್ಗದು. ಇನ್ನೊಂದು ಕೀನ್ಯಾದ ದಾರಿ. ಮಸಾಯಿ ಮಾರಾ ಮೀಸಲು ಪ್ರದೇಶದ ಹೊರಗಿನ ಹುಲ್ಲುಗಾವಲು ಮಸಾಯಿ ಕುಟುಂಬಗಳದ್ದು. ತಮ್ಮ ತಮ್ಮ ತುಂಡು ನೆಲಗಳನ್ನು ಅವರು ಒಟ್ಟು ಸೇರಿಸಿ ಲಾಡ್ಜುಗಳಿಗೆ ಗುತ್ತಿಗೆ ಕೊಟ್ಟರು. 2006ರಲ್ಲಿ ಓಲಾರೆ ಓರೋಕ್ ಎಂಬಲ್ಲಿ ಹೀಗೆ ಆರಂಭವಾದ ಒಕ್ಕೂಟವನ್ನು ಕಂಡು ಅಕ್ಕಪಕ್ಕದವರೂ ಮುಂದೆ ಬಂದರು. ನೆಲದ ಒಡೆಯನಿಗೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ದನಗಳನ್ನು ಗೊತ್ತಾದ ಸರದಿಯಲ್ಲಿ ಮೇಯಿಸುತ್ತಾರೆ. 2020ರಲ್ಲಿ ಕೋವಿಡ್‌ನಿಂದ ಪ್ರವಾಸಿಗರು ನಿಂತಾಗ ಆ ಬಾಡಿಗೆಗೂ ಪೆಟ್ಟು ಬಿತ್ತು. ಹಾಗಾಗಿ ಪ್ರವಾಸಿಗರನ್ನೇ ನಂಬಿ ಕೂರುವಂತಿಲ್ಲ, ಸರ್ಕಾರದ ಪಾಲೂ ಬೇಕು. ಆದರೂ ಅವರು ಕಂಡುಕೊಂಡ ಮೂಲ ಮಾತು ನಮಗೆ ಬೇಕಾದ್ದು: ಪ್ರಾಣಿ ತಿಂದ ಮೇಲೆ ಪರಿಹಾರ ಕೊಡುವುದಕ್ಕಿಂತ, ಹುಲ್ಲು ಉಳಿಸಿದ್ದಕ್ಕೆ ಮೊದಲೇ ಬಾಡಿಗೆ ಕೊಡುವುದು ಗೌರವದ ದಾರಿ.

ಹುಲ್ಲಿನ ವಿಷಯದಲ್ಲಿ ನಮ್ಮ ನಾಡಿನ ದೃಷ್ಟಿಯೂ ಬದಲಾಗಬೇಕು. ದೇಶದ ಭೂನಕ್ಷೆಗಳಲ್ಲಿ ಹುಲ್ಲುಗಾವಲಿನ ಬಹುಪಾಲು ಪಾಳುಭೂಮಿಯ ಲೆಕ್ಕಕ್ಕೆ ಸೇರಿದೆ. ಪಾಳು ಅಂದ ಮೇಲೆ ಮರ ನೆಡುವ ಉತ್ಸಾಹ ಬರುತ್ತದೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕಾಗಿಯೇ ಅಭಯಾರಣ್ಯ ಮಾಡಿದರು, ಆದರೆ ಅದರ ದೊಡ್ಡ ಪಾಲು ನೀಲಗಿರಿ ನೆಡುತೋಪು. ಮೃಗಗಳು ತೋಪು ಬಿಟ್ಟು ರೈತರ ಹೊಲಕ್ಕೆ ಬಂದವು. ತುಮಕೂರು ಜಿಲ್ಲೆಯ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಅಲ್ಲಿ ಬಯಲನ್ನು ಬಯಲಾಗಿ ನೋಡಬಹುದು. ಬೀದರಿನ ಗಾಯರಾಣಗಳಲ್ಲಿ ಗುಂಡಿ ತೋಡಿ ಸಸಿ ನೆಡುವ ಮೊದಲು, ಆ ಹುಲ್ಲಿನಲ್ಲಿ ಯಾರು ಮರಿ ಹಾಕುತ್ತಾರೆಂದು ಒಮ್ಮೆ ಕೇಳಬೇಕು. ಹುಲ್ಲು ಉಳಿದರೆ ಹರಣಕ್ಕೆ ಮಾತ್ರ ಲಾಭವಲ್ಲ. ನಮ್ಮ ದೇವಣಿ ದನಗಳಿಗೂ ಕುರಿಗಳಿಗೂ ಅದೇ ಮೇವು. ಗಾಯರಾಣದಲ್ಲಿ ಮೇವು ಸಿಕ್ಕಷ್ಟೂ ಹೊಲದ ಕಡಲೆ ಉಳಿಯುತ್ತದೆ.

2023ರಲ್ಲಿ ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ ರಾಜ್ಯದ ಅರಣ್ಯ ಸಚಿವರಾದಾಗ ನಮ್ಮ ಸೀಮೆಯವರಿಗೆ ಹೆಮ್ಮೆಯಾಯಿತು. ಹರಣ ಬೆಳೆ ತಿನ್ನುವುದನ್ನು ಕಾಗದದಲ್ಲಿ ಓದಿ ತಿಳಿಯಬೇಕಾದವರು ಅವರಲ್ಲ. ಅವರಿಗೂ ಅವರ ನಂತರ ಬರುವವರಿಗೂ ಈ ಹೊಲದವರ ಪರವಾಗಿ ನಾನು ಕೇಳುವುದು ಇಷ್ಟೇ. ಗಾಯರಾಣಗಳನ್ನು ಹುಲ್ಲುಗಾವಲಾಗಿಯೇ ಗುರುತಿಸಿ ಉಳಿಸಿ. ಹರಣ ಮೇಯುವ ಊರುಗಳ ರೈತರಿಗೆ ಪ್ರತಿ ವರ್ಷ ಬಿತ್ತನೆಗೆ ಮೊದಲೇ ಎಕರೆ ಲೆಕ್ಕದಲ್ಲಿ ಒಂದು ಮೊತ್ತ ಅವರ ಖಾತೆಗೆ ಸೇರಲಿ. ರೆಸಾರ್ಟಿನ ಆದಾಯದಲ್ಲಿ ಒಂದು ಪಾಲು ಆ ಊರುಗಳ ಗ್ರಾಮ ಪಂಚಾಯಿತಿಗೆ ಹೋಗಲಿ. ಸಫಾರಿ ತೋರಿಸುವ ಕೆಲಸ ಆ ಊರಿನ ಹುಡುಗ ಹುಡುಗಿಯರಿಗೇ ಸಿಗಲಿ.

ಓದುಗರಿಗೂ ಒಂದು ಮಾತು. ಬೀದರಿಗೆ ಬನ್ನಿ. ಕೋಟೆ ನೋಡಿ, ವಿಲಾಸಪುರದಲ್ಲಿ ಉಳಿಯಿರಿ, ಹೊನ್ನಿಕೇರಿಯಲ್ಲಿ ಕರಿಯ ಗಂಡು ತಲೆಯೆತ್ತಿ ನಿಲ್ಲುವುದನ್ನು ಕಣ್ತುಂಬ ನೋಡಿ. ಆಮೇಲೆ ಔರಾದ್ ಕಡೆ ಯಾವುದಾದರೂ ಹೊಲದ ಬದುವಿನಲ್ಲಿ ನಿಂತು, ಅಲ್ಲಿನ ರೈತನನ್ನು ಮಾತಾಡಿಸಿ. ಬೀದರಿನ ಕೃಷ್ಣಮೃಗಗಳು ಇಂದು ಬದುಕಿರುವುದು ಅವನು ನಷ್ಟ ಸಹಿಸಿಕೊಂಡಿರುವುದರಿಂದ. ಆ ನಷ್ಟದಲ್ಲಿ ನಾವೂ ಪಾಲು ತೆಗೆದುಕೊಂಡರೆ ಮಾತ್ರ ಅವು ಮುಂದೆಯೂ ಬದುಕುತ್ತವೆ.